ಪದವಿಚಾರ: ‘ಇದಮಿತ್ಥಂ’ ಎಂದು ಯಾರು ಹೇಳಬಹುದು?

ಪ್ರಶ್ನೆ: ಮೇಷ್ಟ್ರೇ, ನಾನು ಔಷಧದ ಅಂಗಡಿ ಇಟ್ಟುಕೊಂಡಿರುವವನು. ಬೆಳಗಿನ ಹೊತ್ತು ಗಿರಾಕಿಗಳು ಕಡಿಮೆ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ. ಮೊನ್ನೆ ಒಂದು ಸುದ್ದಿಯಲ್ಲಿ ‘ಕೆರೆಯ ಮೀನುಗಳ ಸಾವಿಗೆ ಕಾರಣ ಇದಮಿತ್ಥಂ ಎಂದು ಈಗಲೇ ಹೇಳಲಾಗದು’ ಎಂದು ಅಧಿಕಾರಿಯೊಬ್ಬರು ತಿಳಿಸಿದ್ದರು. ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿದೆ. ಅದು ಮೀನಿಗೆ ಬರುವ ಒಂದು ರೋಗ ಎಂದರು. ಪಿಯುಸಿ ಓದುತ್ತಿರುವ ಮಗಳು ‘ನಿಮಿತ್ತ’ ಎನ್ನುವುದು ತಪ್ಪಾಗಿ ಅಚ್ಚಾಗಿರಬೇಕು ಎಂದಳು. ನಿಜವಾದ ಅರ್ಥವೇನು? ಈ ಪದವನ್ನು ಬಳಸುವುದು ಹೇಗೆ?
— ಔಷಧ ವ್ಯಾಪಾರಿ, ಅರಸೀಕೆರೆ

ಉತ್ತರ: ನಿಮ್ಮ ಪಕ್ಕದ ಅಂಗಡಿಯವರನ್ನು ನೆನೆದು ನಕ್ಕೆ. ಆಮೇಲೆ ಅವರದೇನೂ ತಪ್ಪಿಲ್ಲ ಅನ್ನಿಸಿತು. ಕೆರೆ, ಸತ್ತ ಮೀನು, ಕಾರಣ ಇವುಗಳ ನಡುವೆ ಸಿಕ್ಕಿಕೊಂಡ ಯಾವ ಅಪರಿಚಿತ ಪದವಾದರೂ ರೋಗದ ಹೆಸರಿನ ಹಾಗೆಯೇ ಕೇಳಿಸುತ್ತದೆ. ಮಗಳ ಊಹೆ ಇನ್ನೂ ಜಾಣತನದ್ದು. ಪದದ ಬಾಲವನ್ನು ಹಿಡಿದುಕೊಂಡು ನಿಮಿತ್ತದವರೆಗೆ ಹೋಗಿದ್ದಾಳೆ. ನಿಮಿತ್ತ ಎಂದರೂ ಕಾರಣವೇ ಆದ್ದರಿಂದ ಅರ್ಥವೂ ಹೆಚ್ಚುಕಡಿಮೆ ಕೂಡುತ್ತದೆ. ಆದರೆ ಹಿಡಿಯಬೇಕಾದದ್ದು ಬಾಲವನ್ನಲ್ಲ, ನಡುವನ್ನು. ಪದ ಒಡೆಯುವುದು ಅಲ್ಲಿ.

ಇದಮ್ ಎಂದರೆ ಇದು. ಇತ್ಥಮ್ ಎಂದರೆ ಹೀಗೆ. ಎರಡೂ ಕೂಡಿ ಇದಮಿತ್ಥಮ್: ‘ಇದು ಹೀಗೆ’. ಸಂಸ್ಕೃತದಲ್ಲಿ ಇದೊಂದು ಪೂರ್ಣ ವಾಕ್ಯ. ‘ಇವನು ನನ್ನ ತಮ್ಮ’ ಎನ್ನಲು ನಮಗೆ ಕ್ರಿಯಾಪದ ಹೇಗೆ ಬೇಡವೋ ಹಾಗೆ ಇದಕ್ಕೂ ಬೇಡ. ‘ಇದು ಹೀಗೆಯೇ, ಇನ್ನೊಂದು ರೀತಿಯಲ್ಲ’ ಎಂಬ ಒತ್ತು ಬಳಕೆಯಲ್ಲಿ ಸೇರಿಕೊಂಡು, ಕನ್ನಡದಲ್ಲಿ ಅದು ‘ಕಡೆಯ ಮಾತು’, ‘ಖಚಿತವಾದ ನಿರ್ಣಯ’ ಎಂಬ ಅರ್ಥವನ್ನು ಹೊತ್ತುಕೊಂಡಿದೆ. ನಿಮ್ಮ ಪತ್ರಿಕೆಯ ವಾಕ್ಯದ ತಾತ್ಪರ್ಯ ಇಷ್ಟು: ಮೀನು ಸತ್ತದ್ದು ಇದರಿಂದಲೇ ಎಂದು ಬೆರಳಿಟ್ಟು ತೋರಿಸುವ ಹೊತ್ತು ಇನ್ನೂ ಬಂದಿಲ್ಲ.

ಪದದ ಮನೆತನವನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಮೂವತ್ತೊಂದು ವರ್ಷ ವ್ಯಾಕರಣ ಪಾಠ ಮಾಡಿದ ಬಾಯಿ ಸುಮ್ಮನಿರುವುದಿಲ್ಲ. ಈ ಇತ್ಥಮ್ ಹುಟ್ಟಿರುವುದು ಇದಮ್ ಶಬ್ದದಿಂದಲೇ. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ‘ಇದಮಸ್ಥಮುಃ’ ಎಂಬ ಸೂತ್ರವಿದೆ. ರೀತಿ, ಪ್ರಕಾರ ಎಂಬ ಅರ್ಥ ಬೇಕಾದಾಗ ಇದಮ್ ಶಬ್ದಕ್ಕೆ ‘ಥಮ್’ ಸೇರಿಸಬೇಕು ಎಂದು ಅದರ ವಿಧಿ. ಅದಕ್ಕೆ ಹಿಂದಿನ ಸೂತ್ರದಿಂದ ಯಥಾ, ತಥಾ, ಸರ್ವಥಾ ಬರುತ್ತವೆ. ಮುಂದಿನ ಸೂತ್ರದಿಂದ ಕಥಮ್ ಬರುತ್ತದೆ. ಅಂದರೆ ಹೇಗೆ, ಹಾಗೆ, ಹೀಗೆ ಎಲ್ಲವೂ ಒಂದೇ ಬೀದಿಯಲ್ಲಿ ಮನೆ ಮಾಡಿಕೊಂಡಿವೆ. ನಮ್ಮ ಹಳಗನ್ನಡದಲ್ಲೂ ಇಂಥದೇ ಬೀದಿಯೊಂದಿದೆ: ಎಂತು, ಅಂತು, ಇಂತು. ಇದಮಿತ್ಥಂ ಎಂಬುದನ್ನು ಹಳಗನ್ನಡಕ್ಕೆ ತಂದರೆ ‘ಇದಿಂತು’ ಎಂದಾಗುತ್ತದೆ. ಅರ್ಥವೂ ಅದೇ, ಎರಡೂ ತುಂಡುಗಳ ಮೊದಲಿನ ಇಕಾರವೂ ಅದೇ. ಹೊಸಗನ್ನಡದಲ್ಲಿ ಮಾತ್ರ ಆ ‘ಇಂತು’ವಿನ ಗತಿ ನೋಡಿ: ‘ಅಂತೂ ಇಂತೂ ಮದುವೆ ಮುಗಿಯಿತು’ ಎನ್ನುತ್ತೇವೆ. ಹೀಗೆಯೇ ಎಂದು ನಿಲ್ಲಬೇಕಾದ ಪದ, ಹೇಗೋ ಒಂದು ರೀತಿಯಲ್ಲಿ ಎಂದು ಜಾರಿಬಿಟ್ಟಿದೆ.

ಇನ್ನು ಬಳಕೆಯ ವಿಷಯ. ಇಲ್ಲೊಂದು ಸೋಜಿಗವಿದೆ. ಖಚಿತತೆಗೆ ಇರುವ ಈ ಪದವನ್ನು ನಾವು ಬಹುಮಟ್ಟಿಗೆ ಖಚಿತವಿಲ್ಲ ಎಂದು ಹೇಳುವುದಕ್ಕೇ ಇಟ್ಟುಕೊಂಡಿದ್ದೇವೆ. ‘ಇದಮಿತ್ಥಂ ಎಂದು ಹೇಳಲಾಗದು’, ‘ಇದಮಿತ್ಥಂ ಎನ್ನುವ ಹಾಗಿಲ್ಲ’, ‘ಇದಮಿತ್ಥಂ ಎಂದು ಯಾರೂ ಹೇಳಿಲ್ಲ’. ‘ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ, ಇದಮಿತ್ಥಂ’ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಇದು ಕನ್ನಡದವರೇ ಮಾಡಿಕೊಂಡ ಚಮತ್ಕಾರವೂ ಅಲ್ಲ. 1574ರಲ್ಲಿ ಅಯೋಧ್ಯೆಯಲ್ಲಿ ರಾಮಚರಿತಮಾನಸವನ್ನು ಬರೆಯತೊಡಗಿದ ತುಲಸೀದಾಸರು ಬಾಲಕಾಂಡದಲ್ಲಿ, ಹರಿ ಅವತಾರವೆತ್ತುವುದಕ್ಕೆ ಕಾರಣವೇನು ಎಂಬ ಮಾತು ಬಂದಾಗ, ‘ಇದಮಿತ್ಥಂ ಕಹಿ ಜಾಇ ನ ಸೋಈ’ ಎನ್ನುತ್ತಾರೆ. ಅದನ್ನು ಇದಮಿತ್ಥಂ ಎಂದು ಹೇಳಲು ಬರುವುದಿಲ್ಲ ಎಂದೇ ಅದರ ಅರ್ಥ. ಅಲ್ಲಿ ದೇವರ ಅವತಾರಕ್ಕೆ ಕಾರಣ ಸಿಗದಿದ್ದರೆ, ನಿಮ್ಮ ಪತ್ರಿಕೆಯಲ್ಲಿ ಕೆರೆಯ ಮೀನಿನ ಸಾವಿಗೆ ಸಿಕ್ಕಿಲ್ಲ. ವಾಕ್ಯದ ಕಟ್ಟು ಮಾತ್ರ ಒಂದೇ.

ಆದರೆ ಒಂದು ಎಚ್ಚರಿಕೆ. ‘ಇದಮಿತ್ಥಂ ಎಂದು ಹೇಳಲಾಗದು’ ಎನ್ನುವುದೂ ‘ನನಗೆ ಗೊತ್ತಿಲ್ಲ’ ಎನ್ನುವುದೂ ಒಂದೇ ಅಲ್ಲ. ಎರಡನೆಯದನ್ನು ಯಾರು ಬೇಕಾದರೂ ಹೇಳಬಹುದು, ಹೇಳಿದರೆ ಗೌರವವೂ ಹೌದು. ಮೊದಲನೆಯದನ್ನು ಹೇಳಲು ವಿಷಯ ತಿಳಿದಿರಬೇಕು. ಯಾವ ಯಾವ ಕಾರಣಗಳಿರಬಹುದು, ಒಂದೊಂದರ ಪರವಾಗಿ ಏನಿದೆ, ಎಲ್ಲಿ ಬಂದು ಸಾಕ್ಷ್ಯ ನಿಲ್ಲುತ್ತದೆ ಎಂಬುದನ್ನು ಕಂಡವರ ಮಾತು ಅದು. ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಂದ.

ಹತ್ತನೆಯ ತರಗತಿಯ ಕಿರುಪರೀಕ್ಷೆ. ‘ಕವಿರಾಜಮಾರ್ಗವನ್ನು ಬರೆದವರು ಯಾರು?’ ಒಂದು ಅಂಕದ ಪ್ರಶ್ನೆ. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿ ನೃಪತುಂಗ ಎಂದೋ ಶ್ರೀವಿಜಯ ಎಂದೋ ಬರೆದಿದ್ದರು. ಒಬ್ಬ ಮಾತ್ರ ಬಹಳ ಗುಂಡಾದ ಅಕ್ಷರದಲ್ಲಿ ‘ಇದಮಿತ್ಥಂ ಎಂದು ಹೇಳಲಾಗದು’ ಎಂದು ಬರೆದಿದ್ದ. ನಾನು ಸೊನ್ನೆ ಸುತ್ತಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಉತ್ತರಪತ್ರಿಕೆ ಹಿಡಿದುಕೊಂಡು ಅಧ್ಯಾಪಕರ ಕೊಠಡಿಗೇ ಬಂದ. ‘ಸಾರ್, ತರಗತಿಯಲ್ಲಿ ನೀವೇ ಹಾಗೆ ಹೇಳಿದಿರಿ. ನೋಟ್ಸಿನಲ್ಲಿ ಬರೆದುಕೊಂಡಿದ್ದೇನೆ’ ಎಂದ. ಹೇಳಿದ್ದು ನಿಜ. ಪಕ್ಕದಲ್ಲಿ ಗಣಿತದ ಮೇಷ್ಟ್ರು ಮಜ್ಜಿಗೆ ಅನ್ನವನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಮಾನ ಉಳಿಸಿಕೊಳ್ಳಬೇಕಲ್ಲ. ‘ಸರಿ, ಯಾಕೆ ಹೇಳಲಾಗದು ಎಂಬುದನ್ನು ಹೇಳು, ಅಂಕ ಕೊಡುತ್ತೇನೆ’ ಎಂದೆ. ಹುಡುಗ ಸ್ವಲ್ಪ ಯೋಚಿಸಿ, ‘ಬರೆದವರು ತೀರಿಕೊಂಡಿದ್ದಾರೆ ಸಾರ್’ ಎಂದ.

ಗಣಿತದ ಮೇಷ್ಟ್ರಿಗೆ ನೆತ್ತಿಗೆ ಹತ್ತಿತು.

ನಾನು ಅವನನ್ನು ಕೂರಿಸಿಕೊಂಡು ಹೇಳಿದೆ. ಒಂಬತ್ತನೆಯ ಶತಮಾನದ ಆ ಗ್ರಂಥದ ಪರಿಚ್ಛೇದಗಳ ಕೊನೆಯಲ್ಲಿ ‘ನೃಪತುಂಗದೇವಾನುಮತಮಪ್ಪ ಕವಿರಾಜಮಾರ್ಗ’ ಎಂದಿದೆ. ಅನುಮತ ಎಂದರೆ ಒಪ್ಪಿಗೆ ಪಡೆದದ್ದು. ರಾಜನೇ ಬರೆದಿದ್ದರೆ ತನ್ನ ಪುಸ್ತಕಕ್ಕೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳುತ್ತಾನೆಯೇ? ಹೀಗಾಗಿ ಕೆ.ಬಿ. ಪಾಠಕರು 1898ರಲ್ಲಿ ಅಚ್ಚು ಹಾಕಿಸಿದಾಗ ನೃಪತುಂಗನದೆಂದು ಪ್ರಸಿದ್ಧವಾದ ಗ್ರಂಥ, ಆಮೇಲಿನ ವಿದ್ವಾಂಸರ ಚರ್ಚೆಯಲ್ಲಿ ಆಸ್ಥಾನದ ಶ್ರೀವಿಜಯನ ಕಡೆಗೆ ವಾಲಿತು. ಈಗ ಬಹಳ ಮಂದಿ ಶ್ರೀವಿಜಯ ಎಂದೇ ಒಪ್ಪುತ್ತಾರೆ. ಆದರೂ ನೃಪತುಂಗನ ಪಾಲು ಎಷ್ಟು ಎಂಬ ಮಾತು ಪೂರ್ತಿ ನಿಂತಿಲ್ಲ. ಇಷ್ಟನ್ನೂ ಬಲ್ಲವನು ‘ಇದಮಿತ್ಥಂ ಎಂದು ಹೇಳಲಾಗದು’ ಎಂದರೆ ಅದು ಉತ್ತರ. ಏನನ್ನೂ ಓದದವನು ಹೇಳಿದರೆ ಅದು ತಪ್ಪಿಸಿಕೊಳ್ಳುವ ಕಿಟಕಿ. ಹುಡುಗ ಮಾರನೆಯ ದಿನ ಬಂದು ಎರಡು ಹೆಸರುಗಳನ್ನೂ ‘ಅನುಮತ’ ಎಂಬ ಪದವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಸೊನ್ನೆಯನ್ನು ಹೊಡೆದುಹಾಕಿ ಒಂದು ಅಂಕ ಕೊಟ್ಟೆ. ಈಗ ಅವನು ಭೂಮಾಪಕ. ಗಡಿಕಲ್ಲಿನ ವಿಷಯದಲ್ಲಿ ರೈತರಿಗೆ ಈ ಮಾತನ್ನು ಹೇಳುತ್ತಿಲ್ಲವೆಂದು ನಂಬಿದ್ದೇನೆ.

ಅನಿಶ್ಚಯವನ್ನು ಮರ್ಯಾದೆಯಿಂದ ಹೇಳುವವರು ಬೇಕೆಂದರೆ ಹವಾಮಾನ ಇಲಾಖೆಯವರನ್ನು ನೋಡಿ. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಮೇ ತಿಂಗಳಲ್ಲಿ ಅವರು ಆ ವರ್ಷಕ್ಕೆ ಒಂದು ದಿನಾಂಕವನ್ನು ಹೇಳುತ್ತಾರೆ. ನಾಲ್ಕು ದಿನ ಹಿಂದೆಮುಂದೆ ಆಗಬಹುದು ಎಂಬುದನ್ನೂ ಅದರ ಜೊತೆಗೇ ಹೇಳುತ್ತಾರೆ. ಇದಮಿತ್ಥಂ ಎನ್ನಲಾಗದು, ಆದರೆ ಎಷ್ಟರಮಟ್ಟಿಗೆ ಎನ್ನಲಾಗದು ಎಂಬುದಕ್ಕೆ ಲೆಕ್ಕವಿದೆ. ನಮ್ಮ ಊರಿನಲ್ಲಿ ಆ ನಾಲ್ಕು ದಿನಗಳನ್ನು ಮರೆತು ಬೈಯುವವರೇ ಹೆಚ್ಚು.

ಬರೆಯುವಾಗ ಆಗುವ ತಪ್ಪುಗಳನ್ನೂ ಹೇಳಿ ಮುಗಿಸುತ್ತೇನೆ. ತಕಾರದ ಕೆಳಗೆ ಮಹಾಪ್ರಾಣ ಥಕಾರದ ಒತ್ತು ಬರಬೇಕು: ಇತ್ಥಂ. ‘ಇದಮಿತ್ತಂ’ ತಪ್ಪು, ‘ಇದಂಮಿತ್ಥಂ’ ಇನ್ನೂ ತಪ್ಪು. ಮಕಾರವೊಂದು ಮುಂದಿನ ಇಕಾರವನ್ನು ಹತ್ತಿಸಿಕೊಂಡ ಮೇಲೆ ಅದಕ್ಕೆ ಮತ್ತೊಂದು ಸೊನ್ನೆಯ ಹಂಗು ಬೇಕಿಲ್ಲ. ಇದು ಇಡೀ ವಾಕ್ಯವಾದ್ದರಿಂದ ‘ಎಂದು’, ‘ಎನ್ನು’ಗಳ ಜೊತೆಯಲ್ಲೇ ಚೆನ್ನ. ‘ಇದಮಿತ್ಥವಾದ ಉತ್ತರ’, ‘ಇದಮಿತ್ಥವಾಗಿ ತಿಳಿಸಿ’ ಎಂಬ ರೂಪಗಳನ್ನು ನಾನು ಒಪ್ಪುವುದಿಲ್ಲ, ಕಿವಿಗೆ ಮರಳು ಹಾಕಿದ ಹಾಗಾಗುತ್ತದೆ. ‘ಇದು ಇದಮಿತ್ಥಂ ಎಂದು’ ಎಂದೂ ಬರೆಯುತ್ತಾರೆ; ‘ಇದು’ ಎರಡು ಸಲ ಬಂತು. ನಡುಮಧ್ಯ ಎನ್ನುವವರು ಇದನ್ನೂ ಬರೆಯುತ್ತಾರೆ, ತಡೆಯುವುದು ಕಷ್ಟ.

ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಗೆ ಬರುತ್ತಿದ್ದ ಪಂಚಾಂಗದ ಜೋಯಿಸರು ಮಾತಿಗೊಮ್ಮೆ ಈ ಪದವನ್ನು ಹೇಳುತ್ತಿದ್ದರು. ಹಸು ಯಾವಾಗ ಕರು ಹಾಕುತ್ತದೆ ಎಂದು ಕೇಳಿದರೂ ಇದಮಿತ್ಥಂ ಎನ್ನಲಾಗದು ತಾಯಿ ಎನ್ನುತ್ತಿದ್ದರು. ಅಜ್ಜಿ ಒಂದು ದಿನ, ‘ನಿಮ್ಮ ಇದಮಿತ್ತ ನಿಮ್ಮ ಹತ್ತಿರವೇ ಇರಲಿ, ಗೊತ್ತಿಲ್ಲ ಎಂದು ಹೇಳಿ ಕಾಫಿ ಕುಡಿಯಿರಿ’ ಎಂದಳು. ಪದದ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಬಳಕೆ ಗೊತ್ತಾಗಿತ್ತು.

ಪ್ರಶ್ನೆ: ಖಂಡಿತ, ಖಚಿತ, ನಿಶ್ಚಿತ, ನಿರ್ಣಾಯಕ ಇವೆಲ್ಲ ಒಂದೇ ಅರ್ಥದ ಪದಗಳೇ? ಅರ್ಜಿ, ತಕರಾರುಗಳನ್ನು ಬೆರಳಚ್ಚು ಮಾಡುವಾಗ ಒಂದರ ಬದಲು ಇನ್ನೊಂದನ್ನು ಹಾಕಿದರೆ ನಮ್ಮ ವಕೀಲರು ಸಿಟ್ಟಾಗುತ್ತಾರೆ.
— ವಕೀಲರ ಗುಮಾಸ್ತೆ, ತುಮಕೂರು

ಉತ್ತರ: ವಕೀಲರ ಸಿಟ್ಟು ನ್ಯಾಯವಾದದ್ದೇ. ಒಂದೊಂದಕ್ಕೂ ಬೇರೆ ಬೇರೆ ಜನ್ಮವಿದೆ.

ಖಂಡಿತದ ಕಥೆ ತಮಾಷೆಯದು. ಸಂಸ್ಕೃತದಲ್ಲಿ ಖಂಡಿತ ಎಂದರೆ ಮುರಿದದ್ದು, ತುಂಡಾದದ್ದು. ಅಷ್ಟನಾಯಿಕೆಯರಲ್ಲಿ ಒಬ್ಬಳ ಹೆಸರೇ ಖಂಡಿತಾ; ಬೇರೊಬ್ಬಳ ಮನೆಯಿಂದ ಗುರುತುಗಳ ಸಮೇತ ಬೆಳಗಿನ ಜಾವ ಬಂದ ನಲ್ಲನನ್ನು ಕಂಡು ಎದೆ ಒಡೆದವಳು. ಸಂಸ್ಕೃತ ಮಾತ್ರ ಬಲ್ಲವರೊಬ್ಬರಿಗೆ ನೀವು ‘ಖಂಡಿತ ಬರುತ್ತೇನೆ’ ಎಂದು ಕಾಗದ ಬರೆದರೆ, ಪಾಪ, ಮೈಕೈ ಮುರಿದುಕೊಂಡು ಬರುತ್ತಾನೇನೋ ಎಂದು ಅವರು ಕಾಯಬಹುದು. ಕನ್ನಡದಲ್ಲಿ ಮುರಿದದ್ದು ಹೇಗೆ ನಿಶ್ಚಯವಾಯಿತು? ನಮ್ಮದೇ ನುಡಿಗಟ್ಟಿನಲ್ಲಿ ಉತ್ತರವಿದೆ ಎಂದು ನನಗನ್ನಿಸುತ್ತದೆ: ‘ಕಡ್ಡಿ ಮುರಿದ ಹಾಗೆ ಹೇಳಿದ.’ ಕಡ್ಡಿ ಮುರಿದರೆ ಟಕ್ಕೆಂದು ಸದ್ದು, ಎರಡು ತುಂಡು, ಮತ್ತೆ ಕೂಡುವ ಮಾತಿಲ್ಲ. ಹಾಗೆ ಮಾತನಾಡುವವನೇ ಖಂಡಿತವಾದಿ. ಅವನು ಲೋಕವಿರೋಧಿ ಎಂದು ಗಾದೆಯೇ ಇದೆ. ಇದನ್ನು ಇನ್ನೂ ಬಿಗಿ ಮಾಡಬೇಕೆಂದಾಗ ಕಡಾಖಂಡಿತ ಎನ್ನುತ್ತೇವೆ. ಖಡಾಖಂಡಿತ ಎಂದೂ ಅಚ್ಚಿನಲ್ಲಿ ಕಾಣುತ್ತದೆ, ನಾನು ಮೊದಲನೆಯದನ್ನು ಬರೆಯುತ್ತೇನೆ.

ಖಚಿತ ಎಂದರೆ ಮೂಲದಲ್ಲಿ ಕೂಡಿಸಿದ್ದು, ಕೆತ್ತಿ ಕೂರಿಸಿದ್ದು. ರತ್ನಖಚಿತ ಕಿರೀಟ ಎನ್ನುವಾಗ ಆ ಅರ್ಥ ಇಂದಿಗೂ ಜೀವಂತ. ಹರಳು ಚಿನ್ನದೊಳಗೆ ಅಲುಗಾಡದೆ ಕುಳಿತ ಹಾಗೆ ಸಂಗತಿ ಮನಸ್ಸಿನಲ್ಲಿ ಕುಳಿತರೆ ಖಚಿತ. ಹಾಗಾಗಿ ಮಾತು ಕೊಡುವಾಗ ಖಂಡಿತ, ಮಾಹಿತಿ ಕೊಡುವಾಗ ಖಚಿತ ಎಂದು ಬಳಸುವುದು ನನ್ನ ಪದ್ಧತಿ. ‘ಖಂಡಿತ ಬರುತ್ತೇನೆ.’ ‘ಅವರು ಬಂದದ್ದು ಖಚಿತವಾಯಿತು.’ ನಿಶ್ಚಿತ ಈ ಎರಡರ ನಡುವೆ ಎಲ್ಲಿ ಬೇಕಾದರೂ ಕೂರುತ್ತದೆ, ಅದಕ್ಕೆ ಹಟವಿಲ್ಲ.

ನಿರ್ಣಾಯಕ ಮಾತ್ರ ನಿಮ್ಮ ಕಚೇರಿಯ ಪದ, ಅದರಲ್ಲಿ ಆಟವಾಡಬೇಡಿ. 1872ರ ಸಾಕ್ಷ್ಯ ಕಾಯಿದೆಯ ನಾಲ್ಕನೆಯ ಕಲಂ ಮೂರು ಮೆಟ್ಟಿಲುಗಳನ್ನು ಮಾಡಿತ್ತು. ಮೊದಲನೆಯದರಲ್ಲಿ ನ್ಯಾಯಾಲಯ ಒಂದು ಸಂಗತಿಯನ್ನು ಊಹಿಸಿಕೊಳ್ಳಬಹುದು. ಎರಡನೆಯದರಲ್ಲಿ ಊಹಿಸಿಕೊಳ್ಳಲೇಬೇಕು, ಆದರೆ ಅದು ಹಾಗಲ್ಲವೆಂದು ಎದುರು ಪಕ್ಷ ತೋರಿಸಬಹುದು. ಮೂರನೆಯ ಮೆಟ್ಟಿಲು ನಿರ್ಣಾಯಕ ರುಜುವಾತಿನದು. ಒಂದು ಸಂಗತಿ ಸಾಬೀತಾದರೆ ಇನ್ನೊಂದೂ ಸಾಬೀತಾಯಿತೆಂದೇ ಲೆಕ್ಕ; ಅಲ್ಲವೆನ್ನುವ ಸಾಕ್ಷ್ಯವನ್ನು ನ್ಯಾಯಾಲಯ ಒಳಕ್ಕೇ ಬಿಡುವುದಿಲ್ಲ. 2024ರ ಜುಲೈ 1ರಿಂದ ಆ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ; ಮೆಟ್ಟಿಲುಗಳು ಉಳಿದುಕೊಂಡಿವೆ. ‘ಇದಮಿತ್ಥಂ’ ಎಂಬುದನ್ನು ನಿಷೇಧವಿಲ್ಲದೆ, ನೇರವಾಗಿ ಹೇಳಬಲ್ಲ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಮೂರನೆಯ ಮೆಟ್ಟಿಲನ್ನು ತೋರಿಸುತ್ತೇನೆ. ಆದ್ದರಿಂದ ‘ನಿರ್ಣಾಯಕ’ ಇದ್ದಲ್ಲಿ ‘ಖಚಿತ’ ಎಂದು ಹೊಡೆಯಬೇಡಿ. ಕ್ರಿಕೆಟ್ಟಿನವರು ನಿರ್ಣಾಯಕ ಪಂದ್ಯ ಎನ್ನುತ್ತಾರೆ, ಅದು ಅವರ ಪಾಡು.

ಪ್ರಶ್ನೆ: ‘ವ್ಯಾಜ್ಯ ಇತ್ಯರ್ಥವಾಯಿತು’ ಎನ್ನುವಾಗ ಅದರಲ್ಲಿ ಅರ್ಥ ಎಲ್ಲಿಂದ ಬಂತು?
— ಗೃಹಿಣಿ, ಶಿರಸಿ

ಉತ್ತರ: ಸಂಸ್ಕೃತ ಕಾವ್ಯಗಳ ವ್ಯಾಖ್ಯಾನಗಳಿಂದ. ಮಲ್ಲಿನಾಥನಂಥ ವ್ಯಾಖ್ಯಾನಕಾರರು ಶ್ಲೋಕದ ಒಂದು ತುಣುಕನ್ನು ಬಿಡಿಸಿ ಹೇಳಿ, ಕೊನೆಯಲ್ಲಿ ‘ಇತ್ಯರ್ಥಃ’ ಎನ್ನುತ್ತಾರೆ. ಇತಿ ಅರ್ಥಃ, ‘ಎಂದು ಅರ್ಥ’. ಅಲ್ಲಿಗೆ ಆ ತುಣುಕಿನ ಚರ್ಚೆ ಮುಗಿಯಿತು, ಮುಂದಿನದಕ್ಕೆ ನಡೆಯಬಹುದು. ಈ ಮುಗಿಯುವ ಗುಣವನ್ನು ಮಾತ್ರ ಕನ್ನಡ ಎತ್ತಿಕೊಂಡು, ಅರ್ಥವನ್ನು ಅಲ್ಲೇ ಬಿಟ್ಟು, ಜಮೀನಿನ ವ್ಯಾಜ್ಯಕ್ಕೂ ಅಣ್ಣತಮ್ಮಂದಿರ ಪಾಲಿಗೂ ಹಚ್ಚಿತು. ಸಂಸ್ಕೃತದ ಮಾತಿನ ತುಣುಕುಗಳನ್ನೇ ಪದ ಮಾಡಿಕೊಳ್ಳುವುದು ನಮಗೆ ಹೊಸದಲ್ಲ. ಇತಿಹಾಸ ಎಂದರೆ ‘ಹೀಗೆ ಇತ್ತಂತೆ’. ಯದ್ವಾತದ್ವಾ ಎಂದರೆ ‘ಅದೋ ಇದೋ’. ಕಾಗದದ ಕೊನೆಯ ಇತ್ಯಲಂ ಎಂದರೆ ‘ಇಷ್ಟು ಸಾಕು’.

ಇತ್ಯರ್ಥ ಎಂಬ ಪದಕ್ಕೆ ಅತ್ಯಂತ ತಕ್ಕ ಜಾಗ ಲೋಕ ಅದಾಲತ್. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯಿದೆಯಂತೆ ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಅಲ್ಲಿ ಮುಗಿದದ್ದು ಮುಗಿದ ಹಾಗೆಯೇ. ಬೇರೆ ಕಡೆ ತೀರ್ಪು ಬಂದ ದಿನವೇ ಮೇಲಿನ ನ್ಯಾಯಾಲಯದ ಬಸ್ಸಿಗೆ ಸೀಟು ಕಾದಿರಿಸುವವರಿದ್ದಾರೆ. ಅದನ್ನು ಇತ್ಯರ್ಥ ಎನ್ನಲು ನನಗೆ ಸಂಕೋಚ.

ಪ್ರಶ್ನೆ: ಯಾವುದನ್ನೂ ಇದಮಿತ್ಥಂ ಎನ್ನಬಾರದು ಎಂಬುದು ಜೈನರ ಸ್ಯಾದ್ವಾದ ಎಂದು ಭಾಷಣವೊಂದರಲ್ಲಿ ಕೇಳಿದೆ. ಹಾಗಾದರೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಗಲಿಲ್ಲವೇ?
— ನಿವೃತ್ತ ಅಂಚೆ ನೌಕರ, ಚನ್ನರಾಯಪಟ್ಟಣ

ಉತ್ತರ: ಚನ್ನರಾಯಪಟ್ಟಣದಲ್ಲಿದ್ದು ಈ ಪ್ರಶ್ನೆ ಕೇಳುತ್ತಿದ್ದೀರಿ. ಬಸ್ ಹತ್ತಿದರೆ ಅರ್ಧ ಗಂಟೆಯೊಳಗೆ ಶ್ರವಣಬೆಳಗೊಳ. ಅಲ್ಲಿನ ಶಾಸನಗಳ ನಡುವೆ ನಡೆಯುತ್ತ ಮೊದಲ ಸಾಲುಗಳನ್ನು ಗಮನಿಸಿ. ‘ಶ್ರೀಮತ್ಪರಮಗಂಭೀರಸ್ಯಾದ್ವಾದಾಮೋಘಲಾಂಛನಂ’ ಎಂದು ಶುರುವಾಗುವ ಶ್ಲೋಕ ಮತ್ತೆ ಮತ್ತೆ ಸಿಗುತ್ತದೆ. ಸ್ಯಾದ್ವಾದವೆಂಬ ಎಂದೂ ಹುಸಿಯಾಗದ ಲಾಂಛನವುಳ್ಳ ಜಿನಶಾಸನ ಗೆಲ್ಲಲಿ ಎಂಬುದು ಅದರ ಭಾವ. ದಾನಕೊಟ್ಟ ಗದ್ದೆಯ ಎಲ್ಲೆಯನ್ನು, ಇಂಥ ಕಲ್ಲಿನಿಂದ ಇಂಥ ಹಳ್ಳದವರೆಗೆ ಎಂದು ಕಡ್ಡಿ ಮುರಿದ ಹಾಗೆ ಹೇಳುವ ದಾನಶಾಸನಗಳೂ ಈ ಶ್ಲೋಕದಿಂದಲೇ ಬಾಯಿ ತೆರೆಯುತ್ತವೆ. ನನಗೆ ಅದು ಬಹಳ ಇಷ್ಟ.

ನಿಮ್ಮ ಭಾಷಣಕಾರರು ‘ಸ್ಯಾತ್’ ಎಂಬುದನ್ನು ‘ಇರಬಹುದೇನೋ’ ಎಂದು ತಿಳಿದಿದ್ದಾರೆ. ಸಾಮಾನ್ಯ ಸಂಸ್ಕೃತದಲ್ಲಿ ಆ ಅರ್ಥ ಉಂಟು. ಜೈನ ತಾರ್ಕಿಕರಿಗೆ ಅದು ‘ಒಂದು ದೃಷ್ಟಿಯಿಂದ’ ಎಂಬುದರ ಗುರುತು. ‘ಸ್ಯಾದಸ್ತ್ಯೇವ’ ಎನ್ನುತ್ತಾರೆ. ಅಲ್ಲಿರುವ ‘ಏವ’ವನ್ನು ಬಿಡಬೇಡಿ: ಒಂದು ದೃಷ್ಟಿಯಿಂದ ಇದ್ದೇ ಇದೆ. ಮಡಕೆ ಮಣ್ಣಾಗಿ ನೋಡಿದರೆ ನಿನ್ನೆಯೂ ಇತ್ತು, ಮಡಕೆಯಾಗಿ ನೋಡಿದರೆ ನಿನ್ನೆ ಇರಲಿಲ್ಲ. ಎರಡೂ ಮಾತು ಖಂಡಿತವೇ. ಯಾವ ಕಡೆಯಿಂದ ನೋಡಿದೆವು ಎಂಬುದನ್ನು ಹೇಳಿಬಿಟ್ಟರೆ ಜಗಳವಿಲ್ಲ. ಹೀಗೆ ಏಳು ಬಗೆಯಲ್ಲಿ ಹೇಳುವುದಕ್ಕೆ ಸಪ್ತಭಂಗಿ ಎಂದು ಹೆಸರು.

ಅಡ್ಡಗೋಡೆಯ ದೀಪ ಬೇರೆ ವ್ಯಾಪಾರ. ಎರಡು ಕೋಣೆಯವರಿಗೂ ದೀಪ ನಮ್ಮದೇ ಅನ್ನಿಸಬೇಕು, ಇಟ್ಟವನು ಯಾರ ಕೈಗೂ ಸಿಗಬಾರದು. ಚುನಾವಣೆಯ ಹಿಂದಿನ ವಾರ ಸಭೆಗಳಲ್ಲಿ ಕೇಳುವುದು ಅದನ್ನೇ. ಸ್ಯಾದ್ವಾದಿ ದೀಪ ಹಿಡಿದು ಎರಡು ಕೋಣೆಗೂ ಹೋಗಿ, ಇಲ್ಲಿ ಇಷ್ಟು ಕಾಣಿಸಿತು, ಅಲ್ಲಿ ಅಷ್ಟು ಕಾಣಿಸಿತು ಎಂದು ಬರೆದಿಡುತ್ತಾನೆ.

ಪ್ರಶ್ನೆ: ‘ಇದಂಪ್ರಥಮ’ವೂ ‘ಇದಮಿತ್ಥಂ’ ಕುಟುಂಬದ್ದೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲ ತುಂಡು ಅದೇ ಇದಮ್. ‘ಇದೇ ಮೊದಲು’ ಎಂದು ಅರ್ಥ. ಇದಕ್ಕೆ ‘ಇದಂಪ್ರಥಮವಾಗಿ’ ಎಂದು ಆಗಿ ಹಚ್ಚುವುದು ರೂಢಿಯಾಗಿದೆ, ತಪ್ಪಿಲ್ಲ. ‘ಇದೇ ಇದಂಪ್ರಥಮ’, ‘ಇದಂಪ್ರಥಮ ಬಾರಿಗೆ ಮೊದಲನೆಯದಾಗಿ’ ಎಂದು ಬರೆಯುವವರಿಗೆ ನಾನು ಮೇಲೆ ಹೇಳಿದ ನಡುಮಧ್ಯವೇ ಗತಿ.

ಪ್ರಶ್ನೆ: ನಮಗೆ ಸಂಸ್ಕೃತದ ಈ ಹೊರೆಯೇ ಏಕೆ? ಖಚಿತತೆಯನ್ನು ಹೇಳಲು ಕನ್ನಡದ್ದೇ ಪದಗಳಿಲ್ಲವೇ?
— ಆಟೋ ಚಾಲಕ, ಮಂಡ್ಯ

ಉತ್ತರ: ಧಾರಾಳವಾಗಿವೆ. ‘ಎರಡು ಮಾತಿಲ್ಲ’ ಎನ್ನಿ. ಇದಕ್ಕಿಂತ ಗಟ್ಟಿಯಾದ ಕಡೆಯ ಮಾತು ಯಾವ ಭಾಷೆಯಲ್ಲಿದ್ದರೂ ನನಗೆ ಬೇಡ. ತೀರ್ಪು ಇದೆ, ತೀರು ಎಂಬ ಧಾತುವಿಗೆ ಪು ಸೇರಿ ಆದದ್ದು, ಸಾಲ ತೀರುವುದೂ ಜಗಳ ತೀರುವುದೂ ಒಂದೇ ಬೇರಿನವು. ಬಗೆಹರಿಯುವುದು ಇದೆ. ಇನ್ನು ನಿಮ್ಮ ನಿಲ್ದಾಣದಲ್ಲಿ ದಿನಕ್ಕೆ ನೂರು ಸಲ ಕೇಳುವ ‘ಪಕ್ಕಾ’ ಹಿಂದಿಯಿಂದ ಬಂದದ್ದು. ಅದರ ಹಿಂದೆ ಇರುವುದು ಸಂಸ್ಕೃತದ ಪಕ್ವ, ಬೆಂದದ್ದು. ಹೊರೆ ಬೇಡವೆಂದು ಇದಮಿತ್ಥಂ ಇಳಿಸಿದರೂ ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಸಂಸ್ಕೃತದವನು ಕುಳಿತೇ ಇರುತ್ತಾನೆ. ಬಾಡಿಗೆ ಕೊಡುವವನಾದರೆ ಇರಲಿ ಬಿಡಿ.

‘ಇದಮಿತ್ಥಂ ಎಂದು ಹೇಳಲಾಗದು’ ಎಂಬುದಕ್ಕೆ ಕನ್ನಡದಲ್ಲಿ ‘ಹೀಗೇ ಎಂದು ಹೇಳಲು ಬಾರದು’ ಎಂದರೆ ಸಾಕು. ನಾನು ಈಚೆಗೆ ಅದನ್ನೇ ಹೆಚ್ಚಾಗಿ ಬರೆಯುತ್ತೇನೆ. ಇದಮಿತ್ಥಂ ಎಂಬುದನ್ನು ಅಪರೂಪಕ್ಕೆ, ಹಬ್ಬದ ದಿನದ ಜರತಾರಿ ಪಂಚೆಯ ಹಾಗೆ ತೆಗೆಯುತ್ತೇನೆ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ‘ಹಲ್ಮಿಡಿ ಶಾಸನವೇ ಕನ್ನಡದ ಮೊಟ್ಟಮೊದಲ ಶಾಸನ, ಇದರಲ್ಲಿ ಎರಡು ಮಾತಿಲ್ಲ’ ಎಂದು ಬರೆದಿದ್ದೀರಿ. ನಮ್ಮ ತಾಲ್ಲೂಕಿನ ತಾಳಗುಂದದ ಶಾಸನವನ್ನು ಮರೆತಿರೋ, ಒಪ್ಪುವುದಿಲ್ಲವೋ?
— ಪ್ರಾಥಮಿಕ ಶಾಲೆಯ ಶಿಕ್ಷಕಿ, ಶಿಕಾರಿಪುರ

ಉತ್ತರ: ಅಮ್ಮಾ, ಮರೆತೆ. ಎರಡು ಮಾತಿಲ್ಲ ಎಂದು ಬರೆದ ಕೈಗೆ ಎರಡನೆಯ ಮಾತನ್ನು ನೀವು ತಂದುಕೊಟ್ಟಿದ್ದೀರಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲನ್ನು ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಆ ಕಲ್ಲಿನಲ್ಲಿ ಇಸವಿಯಾಗಲಿ ಶಕವರ್ಷವಾಗಲಿ ಇಲ್ಲ. ಅಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು, ಲಿಪಿಯ ರೂಪ, ಭಾಷೆ ಇವನ್ನು ನೋಡಿ ಸುಮಾರು ಕ್ರಿ.ಶ. 450 ಎಂದು ಹೇಳುತ್ತ ಬಂದಿದ್ದೇವೆ. ಪಠ್ಯಪುಸ್ತಕಗಳಲ್ಲಿ ‘ಸುಮಾರು’ ಉದುರಿಹೋಗುತ್ತದೆ. ಹೋದ ಸಲ ನನ್ನ ಬರಹದಲ್ಲೂ ಉದುರಿತ್ತು. ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಸಿಕ್ಕ, ಸಿಂಹವಿರುವ ಕಟಾಂಜನದ ಮೇಲಿನ ಬರಹವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಹೇಳಿದೆ. ಹಾಗಿದ್ದರೆ ಅದು ಹಲ್ಮಿಡಿಗಿಂತ ಎಂಬತ್ತು ವರ್ಷ ಹಿರಿಯದು.

ಹೋದ ಸಂಚಿಕೆ ನಿಮ್ಮ ಬಳಿ ಇದ್ದರೆ, ದಯವಿಟ್ಟು ‘ಇದರಲ್ಲಿ ಎರಡು ಮಾತಿಲ್ಲ’ ಎಂಬುದರ ಮೇಲೆ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಏನು ಬರೆಯಬೇಕೆಂಬುದು ನಿಮಗೆ ಗೊತ್ತಿದೆ. ತಕಾರಕ್ಕೆ ಥಕಾರದ ಒತ್ತು ಕೊಡುವುದನ್ನು ಮರೆಯಬೇಡಿ.